ಚೀಟಿ ಬರೆದ ಕೋಚ್‌ಗಳ ನೆನಪಿನಲ್ಲಿ: ನಮ್ಮ ತರಬೇತುದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪಿ.ಟಿ. ಮಾಸ್ತರರೇ, ಮೇಡಂಗಳೇ, ಬೇಸಿಗೆ ಶಿಬಿರ ನಡೆಸುವ ಕೋಚ್‌ಗಳೇ,

ನಮಸ್ಕಾರ. ನಾನು ಆಟಗಾರ್ತಿ ಅಲ್ಲ, ಆಟದ ಬಗ್ಗೆ ಬರೆಯುವವಳೂ ಅಲ್ಲ. ಒಬ್ಬ ತಾಯಿ ಅಷ್ಟೇ. ನನ್ನ ಮಗಳಿಗೆ ಈಗ 12 ವರ್ಷ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ಮಿಷಿನ್ ಹಾಕಿಕೊಂಡರೆ ಒಂದಿಷ್ಟು ಸದ್ದು ಸಿಗುತ್ತದೆ, ಮಾತು ಸಿಗುವುದಿಲ್ಲ. ಓಡಿ ಆಡುವಾಗ ಅದನ್ನೂ ತೆಗೆದಿಡಬೇಕು.

ಕಳೆದ ಏಪ್ರಿಲ್‌ನಲ್ಲಿ ಅವಳನ್ನು ಒಂದು ಬೇಸಿಗೆ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಕೋಚ್ ಒಳ್ಳೆಯವರೇ. ಗದರಲಿಲ್ಲ, ಅವಮಾನ ಮಾಡಲಿಲ್ಲ. ಮಗಳ ತಲೆ ಸವರಿ ನನಗೆ ಹೇಳಿದರು: "ಅಮ್ಮಾ, ಇವಳಿಗೆ ಸೀಟಿ ಕೇಳಿಸಲ್ಲ. ನಾನು ಕೂಗಿದ್ದೂ ಕೇಳಿಸಲ್ಲ. ಇಷ್ಟು ಮಕ್ಕಳ ಮಧ್ಯೆ ಇವಳೊಬ್ಬಳಿಗೆ ಹೇಗೆ ಹೇಳಿಕೊಡ್ಲಿ? ಬಿದ್ದು ಏನಾದ್ರೂ ಆದ್ರೆ?" ನಾನಿನ್ನೂ ಏನು ಹೇಳಬೇಕು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಗಳು ಅವರ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ಹೊಸ ಶೂ ಲೇಸ್ ಬಿಚ್ಚಲು ಶುರು ಮಾಡಿದ್ದಳು.

ಈ ಪತ್ರ ದೂರಲ್ಲ. "ಹೇಗೆ ಹೇಳಿಕೊಡ್ಲಿ?" ಅನ್ನುವುದು ನಿಜವಾದ ಪ್ರಶ್ನೆ. ಸುಮ್ನೆ ತಪ್ಪಿಸಿಕೊಳ್ಳಲು ಕೇಳಿದ್ದಲ್ಲ. ಅದಕ್ಕೊಂದು ಉತ್ತರ ಇದೆ, ಅದನ್ನು ನಿಮಗೆ ಹೇಳೋಣ ಅಂತ ಬರೆಯುತ್ತಿದ್ದೇನೆ. ಆ ಉತ್ತರವನ್ನು ಸುಮಾರು 70 ವರ್ಷದ ಹಿಂದೆ ಹಂಗೇರಿಯ ಬುಡಾಪೆಸ್ಟ್ ನಗರದ ಕೋಚ್‌ಗಳು ಕೊಟ್ಟಾಗಿದೆ.

ಅವರ ಮುಂದೆ ಬಂದು ನಿಂತ ಹುಡುಗಿಯ ಹೆಸರು ಇಲ್ಡಿಕೊ ರೆಯ್ತೋ. 1937ರ ಮೇ 11ರಂದು ಬುಡಾಪೆಸ್ಟ್‌ನಲ್ಲಿ ಹುಟ್ಟಿದವಳು. ಹುಟ್ಟು ಕಿವುಡಿ. 15ನೇ ವಯಸ್ಸಿನಲ್ಲಿ ಫೆನ್ಸಿಂಗ್, ಅಂದರೆ ಕತ್ತಿವರಸೆ, ಕಲಿಯಲು ಬಂದಳು. ಕೂಗಿದರೆ ಕೇಳಿಸದ ಆ ಹುಡುಗಿಗೆ ಕೋಚ್‌ಗಳು ಹೇಳಬೇಕಾದ್ದನ್ನು ಚೀಟಿಗಳಲ್ಲಿ ಬರೆದು ಕೊಟ್ಟರು. ಅವಳು ಓದಿದಳು, ಆಡಿದಳು. ಅಷ್ಟೇ. ವಿಶೇಷ ಉಪಕರಣ ಇಲ್ಲ, ಬೇರೆ ಶಾಲೆ ಇಲ್ಲ, ಸರ್ಕಾರದ ಸುತ್ತೋಲೆ ಬರಲಿ ಅಂತ ಕಾಯಲಿಲ್ಲ. ಒಂದು ತುಂಡು ಕಾಗದ.

ಆ ಹುಡುಗಿ ಮುಂದೆ ಐದು ಒಲಿಂಪಿಕ್ಸ್ ಆಡಿದಳು. 1960ರ ರೋಮ್‌ನಿಂದ 1976ರ ಮಾಂಟ್ರಿಯಲ್‌ವರೆಗೆ. ಏಳು ಪದಕ ಗೆದ್ದಳು: ಎರಡು ಚಿನ್ನ, ಮೂರು ಬೆಳ್ಳಿ, ಎರಡು ಕಂಚು. ಇವೆಲ್ಲ ಕಿವಿ ಕೇಳದವರಿಗಾಗಿಯೇ ಇರುವ ಕೂಟದ ಪದಕಗಳಲ್ಲ. ಎಲ್ಲರೂ ಆಡುವ ಒಲಿಂಪಿಕ್ಸ್, ಎಲ್ಲರ ಎದುರು ಆಡಿ ಗೆದ್ದದ್ದು.

ಈ ಆಟ ನಮ್ಮಲ್ಲಿ ಇನ್ನೂ ಹೊಸತು. ಹಾಗಾಗಿ ಸ್ವಲ್ಪ ವಿವರ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಫೆನ್ಸಿಂಗ್‌ನಲ್ಲಿ ಮೂರು ಬಗೆಯ ಕತ್ತಿ: ಫಾಯಿಲ್, ಎಪೇ, ಸೇಬರ್. ರೆಯ್ತೋ ಆಡಿದ್ದು ಫಾಯಿಲ್. ಅವರ ಕಾಲದ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಇದ್ದದ್ದು ಅದೊಂದೇ. ಎಪೇ ಬಂದದ್ದು 1996ರಲ್ಲಿ, ಸೇಬರ್ 2004ರಲ್ಲಿ. ಫಾಯಿಲ್ ಹಗುರವಾದ ಕತ್ತಿ, ಅರ್ಧ ಕೆ.ಜಿ.ಗೂ ಕಡಿಮೆ ತೂಕ. ಕತ್ತಿಯ ತುದಿಯಿಂದ ಎದುರಾಳಿಯ ಮುಂಡಕ್ಕೆ ಮುಟ್ಟಿಸಬೇಕು. ಕೈಗೆ, ಕಾಲಿಗೆ, ತಲೆಗೆ ಮುಟ್ಟಿಸಿದರೆ ಲೆಕ್ಕಕ್ಕಿಲ್ಲ. ಆಡುವ ಜಾಗ 14 ಮೀಟರ್ ಉದ್ದದ ಒಂದು ಪಟ್ಟಿ. ಇಬ್ಬರೂ ಜಾಲರಿ ಮುಖವಾಡ ಹಾಕಿರುತ್ತಾರೆ.

ಈ ಮುಖವಾಡದ ಬಗ್ಗೆ ಒಂದು ಕ್ಷಣ ಯೋಚಿಸಿ. ನನ್ನ ಮಗಳಿಗೆ ಪ್ರಪಂಚ ಅಂದರೆ ಜನರ ಮುಖ. ತುಟಿ ನೋಡುತ್ತಾಳೆ, ಹುಬ್ಬು ನೋಡುತ್ತಾಳೆ. ಫೆನ್ಸಿಂಗ್‌ನಲ್ಲಿ ಎದುರಾಳಿಯ ಮುಖವೇ ಜಾಲರಿಯ ಹಿಂದೆ ಹೋಗಿಬಿಡುತ್ತದೆ. ಕಿವಿ ಮೊದಲೇ ಇಲ್ಲ, ಈಗ ಮುಖವೂ ಇಲ್ಲ. ಹಾಗಾದರೆ ಇನ್ನೇನು ಉಳಿಯಿತು?

ಕೈ ಉಳಿಯಿತು. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಎರಡು ಕತ್ತಿ ಒಂದಕ್ಕೊಂದು ತಾಗಿದಾಗ ಎದುರಿನವರು ಎಷ್ಟು ಒತ್ತುತ್ತಿದ್ದಾರೆ, ಬಿಡುತ್ತಿದ್ದಾರಾ, ಸುತ್ತಿ ಬರಲು ಹೊಂಚುತ್ತಿದ್ದಾರಾ ಅನ್ನುವುದು ಬೆರಳಿಗೆ ಗೊತ್ತಾಗುತ್ತದಂತೆ. ಫ್ರೆಂಚರು ಇದಕ್ಕೆ 'ಸಾಂತಿಮಾ ದ್ಯು ಫೆರ್' ಅನ್ನುತ್ತಾರೆ. ಕಬ್ಬಿಣ ಹೇಳುವುದನ್ನು ಕೈ ತಿಳಿದುಕೊಳ್ಳುವುದು ಅಂತ ಇಟ್ಟುಕೊಳ್ಳಿ. ಕಿವಿ ಚೆನ್ನಾಗಿರುವ ಆಟಗಾರರೂ ವರ್ಷಗಟ್ಟಲೆ ಕಷ್ಟಪಟ್ಟು ಇದನ್ನೇ ಕಲಿಯುತ್ತಾರೆ. ಫೆನ್ಸಿಂಗ್ ಪಾಠ ನಡೆಯುವ ರೀತಿಯೂ ಹಾಗೇ. ಗುರು ಮತ್ತು ಶಿಷ್ಯ ಎದುರು ಬದುರು ನಿಲ್ಲುತ್ತಾರೆ. ಗುರು ದಪ್ಪನೆಯ ರಕ್ಷಾಕವಚ ತೊಟ್ಟಿರುತ್ತಾರೆ. ಬೇಕೆಂದೇ ಒಂದು ಕಡೆ ಕತ್ತಿಯನ್ನು ಸ್ವಲ್ಪ ಸರಿಸುತ್ತಾರೆ. ಶಿಷ್ಯೆ ಆ ಸಂದಿ ನೋಡಿ ನುಗ್ಗಬೇಕು. ಪಾಠದ ಅರ್ಧಭಾಗ ಮಾತಿಲ್ಲದೆಯೇ ನಡೆಯುತ್ತದೆ. ಉಳಿದ ಅರ್ಧ, ಅಂದರೆ ಯಾಕೆ ಹೀಗೆ, ಯಾವಾಗ ಹಾಗೆ, ನಾಳೆಯ ಎದುರಾಳಿ ಹೇಗೆ ಆಡುತ್ತಾಳೆ, ಇಂಥದ್ದಕ್ಕೆ ಮಾತು ಬೇಕು. ಆ ಜಾಗಕ್ಕೆ ಚೀಟಿ ಬಂತು.

ಇನ್ನೊಂದು ವಿಷಯ. ಮೊದಲೆಲ್ಲ ಫಾಯಿಲ್‌ನಲ್ಲಿ ಮುಟ್ಟಿತೋ ಇಲ್ಲವೋ ಅಂತ ಹೇಳಲು ಪಟ್ಟಿಯ ಅಕ್ಕಪಕ್ಕ ನಾಲ್ವರು ತೀರ್ಪುಗಾರರು ನಿಂತು ಕಣ್ಣಲ್ಲೇ ನೋಡುತ್ತಿದ್ದರು. ಜಗಳಗಳಿಗೆ ಕೊನೆಯೇ ಇರುತ್ತಿರಲಿಲ್ಲ. ಆಮೇಲೆ ವಿದ್ಯುತ್ ತಂತಿಯ ಕತ್ತಿ ಬಂತು. ಒಲಿಂಪಿಕ್ಸ್ ಫಾಯಿಲ್‌ನಲ್ಲಿ ಅದು ಬಂದದ್ದು 1956ರಲ್ಲಿ. ತುದಿ ತಾಗಿದರೆ ಬಣ್ಣದ ದೀಪ ಹತ್ತುತ್ತದೆ. ಸದ್ದೂ ಆಗುತ್ತದೆ, ಆದರೆ ದೀಪ ಇರುವಾಗ ಸದ್ದು ಯಾರಿಗೆ ಬೇಕು? ಆ ದೀಪವನ್ನು ಕಿವುಡರಿಗೋಸ್ಕರ ಯಾರೂ ತಂದಿರಲಿಲ್ಲ. ನ್ಯಾಯ ಸರಿಯಾಗಿ ಸಿಗಲಿ ಅಂತ ಎಲ್ಲರಿಗಾಗಿ ತಂದದ್ದು. ನಾಲ್ಕು ವರ್ಷದ ನಂತರ ಒಲಿಂಪಿಕ್ಸ್‌ಗೆ ಬಂದ ಒಬ್ಬ ಕಿವುಡು ಹೆಣ್ಣುಮಗಳಿಗೆ ಅದು ಅನುಕೂಲವಾಯಿತು. ನಿಮ್ಮ ಮೈದಾನದಲ್ಲಿ ಸೀಟಿಯ ಜೊತೆ ಒಂದು ಬಾವುಟ ಎತ್ತಿದರೂ ಹೀಗೇ ಆಗುತ್ತದೆ. ಗಲಾಟೆಯಲ್ಲಿ ಸೀಟಿ ಕೇಳಿಸದ ಉಳಿದ ಮಕ್ಕಳೂ ಬಾವುಟ ನೋಡಿ ನಿಲ್ಲುತ್ತಾರೆ.

ಹಂಗೇರಿಯಲ್ಲಿ ಈ ಆಟಕ್ಕೆ ಯಾವ ಜಾಗ ಇತ್ತು ಅಂತಲೂ ಹೇಳಬೇಕು. ನಮ್ಮ ಹಳೇ ಮೈಸೂರು ಕಡೆ ಊರೂರಿಗೂ ಗರಡಿ ಮನೆ ಇತ್ತಲ್ಲ, ಬುಡಾಪೆಸ್ಟ್‌ನವರಿಗೆ ಫೆನ್ಸಿಂಗ್ ಅಂಕಣದ ಮೇಲೆ ಅಂಥ ಅಭಿಮಾನ. ಸೇಬರ್ ತಂಡ ವಿಭಾಗದಲ್ಲಿ 1928ರಿಂದ 1960ರವರೆಗೆ ನಡೆದ ಏಳು ಒಲಿಂಪಿಕ್ಸ್‌ನಲ್ಲೂ ಹಂಗೇರಿಯದೇ ಚಿನ್ನ. ಹೆಣ್ಣುಮಕ್ಕಳ ಫಾಯಿಲ್‌ನಲ್ಲಿ ಇಲೋನಾ ಎಲೆಕ್ ಅನ್ನುವವರಿದ್ದರು. 1936ರ ಬರ್ಲಿನ್‌ನಲ್ಲಿ ಚಿನ್ನ ಗೆದ್ದರು. ಆಮೇಲೆ ಯುದ್ಧ ಬಂತು, ಎರಡು ಒಲಿಂಪಿಕ್ಸ್ ನಡೆಯಲೇ ಇಲ್ಲ. 1948ರ ಲಂಡನ್‌ಗೆ ಬಂದಾಗ ಅವರಿಗೆ 41 ವರ್ಷ. ಮತ್ತೆ ಚಿನ್ನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಬೆಳ್ಳಿ. ರೆಯ್ತೋ ಕತ್ತಿ ಹಿಡಿದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಇಂಥ ಕಡೆ ಹೊಸಬರಿಗೆ ಬರ ಇರುವುದಿಲ್ಲ. ಕಿವಿ ಕೇಳುವ ಹುಡುಗಿಯರು ಬೇಕಾದಷ್ಟು ಜನ ಸಿಗುತ್ತಿದ್ದರು. "ನೀನು ಬೇಡಮ್ಮ" ಅಂತ ಇವಳನ್ನು ವಾಪಸ್ ಕಳಿಸಿದ್ದರೆ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಆದರೂ ಒಬ್ಬರು ಪೆನ್ಸಿಲ್ ಎತ್ತಿಕೊಂಡರು. ನಾನು ಇವತ್ತಿಗೂ ಯೋಚಿಸುವುದು ಆ ಕೈಯ ಬಗ್ಗೆಯೇ.

1960ರಲ್ಲಿ ರೋಮ್. ಮಹಿಳೆಯರ ತಂಡ ಫಾಯಿಲ್ ಒಲಿಂಪಿಕ್ಸ್‌ಗೆ ಸೇರಿದ್ದು ಆ ವರ್ಷವೇ ಮೊದಲು. ಸೋವಿಯತ್ ತಂಡ ಚಿನ್ನ ಗೆದ್ದಿತು, ಹಂಗೇರಿಗೆ ಬೆಳ್ಳಿ. ರೆಯ್ತೋ ಅವರ ಮೊದಲ ಒಲಿಂಪಿಕ್ಸ್ ಪದಕ ಅದು. 1963ರಲ್ಲಿ ಪೋಲೆಂಡಿನ ಗ್ಡಾನ್‌ಸ್ಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ವೈಯಕ್ತಿಕ ಚಿನ್ನ.

ಮುಂದಿನ ವರ್ಷ, 1964ರ ಅಕ್ಟೋಬರ್, ಟೋಕಿಯೊ. ಫೆನ್ಸಿಂಗ್ ನಡೆದದ್ದು ವಸೇಡಾ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ಆಗಿನ ಫೈನಲ್ ಈಗಿನ ಹಾಗಿರಲಿಲ್ಲ. ಕೊನೆಗೆ ಉಳಿದ ನಾಲ್ವರೂ ಒಬ್ಬರ ಮೇಲೊಬ್ಬರು ಆಡಬೇಕು. ರೆಯ್ತೋ, ಜರ್ಮನಿಯ ಹೆಲ್ಗಾ ಮೇಸ್, ಇಟಲಿಯ ಆಂಟೊನೆಲ್ಲಾ ರಾನ್ಯೊ, ಈ ಮೂವರೂ ಸಮಸಮ ನಿಂತರು. ಚಿನ್ನ ಯಾರಿಗೆ ಅಂತ ತೀರ್ಮಾನಿಸಲು ಮೂವರೂ ಮತ್ತೆ ಆಡಬೇಕಾಯಿತು. ಮೈ ದಣಿದಿರುತ್ತದೆ. ಎದುರಿಗಿರುವವರ ಆಟ ನಿಮಗೆ ಗೊತ್ತು, ನಿಮ್ಮದು ಅವರಿಗೆ ಗೊತ್ತು. ಒಂದು ಪಂದ್ಯದ ಹಣೆಬರಹ ಬೆರಳೆಣಿಕೆಯ ಸ್ಪರ್ಶಗಳಲ್ಲಿ ಮುಗಿದುಹೋಗುತ್ತದೆ. ಸುತ್ತ ಜನ, ಚಪ್ಪಾಳೆ, ಕೂಗಾಟ. ರೆಯ್ತೋಗೆ ಅದ್ಯಾವುದೂ ಇಲ್ಲ, ಎದುರಿನ ಕತ್ತಿ ಮತ್ತು ಆ ದೀಪ ಮಾತ್ರ.

ಚಿನ್ನ ಅವರಿಗೇ ಬಂತು. ಮೇಸ್‌ಗೆ ಬೆಳ್ಳಿ, ರಾನ್ಯೊಗೆ ಕಂಚು. ಆಮೇಲೆ ತಂಡದ ಸ್ಪರ್ಧೆ. ನಾಲ್ಕು ವರ್ಷದ ಹಿಂದೆ ಚಿನ್ನ ಕಿತ್ತುಕೊಂಡಿದ್ದ ಸೋವಿಯತ್ ತಂಡವೇ ಮತ್ತೆ ಎದುರಿಗೆ. ಈ ಸಲ ಹಂಗೇರಿ ಗೆದ್ದಿತು. ಒಂದೇ ಕೂಟದಲ್ಲಿ ಎರಡು ಚಿನ್ನ.

ತಂಡದ ಸ್ಪರ್ಧೆಯ ಬಗ್ಗೆ ನೀವು ಗಮನಿಸಬೇಕಾದ ಮಾತು ಒಂದಿದೆ. ಒಂಟಿಯಾಗಿ ಆಡುವ ಆಟವಾದರೆ ಕಿವಿ ಕೇಳದ ಮಗುವನ್ನು ಹೇಗೋ ಸೇರಿಸಿಕೊಳ್ಳಬಹುದು, ತಂಡದಲ್ಲಿ ಕಷ್ಟ ಅಂತ ತುಂಬಾ ಜನ ನನಗೆ ಹೇಳಿದ್ದಾರೆ. ರೆಯ್ತೋ ಅವರ ಏಳು ಪದಕಗಳಲ್ಲಿ ಐದು ತಂಡದ ಪದಕಗಳು. 16 ವರ್ಷ ಅವರ ಜೊತೆಯವರು ಬದಲಾಗುತ್ತಾ ಹೋದರು, ಇವರು ಉಳಿದರು. ಜೊತೆಗಾರ್ತಿಯರು ಅಷ್ಟು ವರ್ಷ ಇವರ ಜೊತೆ ಬದುಕಿದ್ದಾರೆ, ಪ್ರಯಾಣ ಮಾಡಿದ್ದಾರೆ, ಸೋತಿದ್ದಾರೆ, ಗೆದ್ದಿದ್ದಾರೆ. ಮಕ್ಕಳೂ ಹಾಗೇ ಮಾಡುತ್ತಾರೆ. ನಮ್ಮ ಓಣಿಯ ಮಕ್ಕಳು ನನ್ನ ಮಗಳ ಜೊತೆ ಆಡಲು ಒಂದು ವಾರದಲ್ಲಿ ತಮ್ಮದೇ ಸನ್ನೆಗಳನ್ನು ಮಾಡಿಕೊಂಡರು. ಯಾರೂ ಹೇಳಿಕೊಟ್ಟಿರಲಿಲ್ಲ.

1968ರಲ್ಲಿ ಮೆಕ್ಸಿಕೊ ನಗರ: ವೈಯಕ್ತಿಕ ಕಂಚು, ತಂಡಕ್ಕೆ ಬೆಳ್ಳಿ. 1972ರಲ್ಲಿ ಮ್ಯೂನಿಕ್: ತಂಡಕ್ಕೆ ಮತ್ತೆ ಬೆಳ್ಳಿ. ಟೋಕಿಯೊದಲ್ಲಿ ಕಂಚು ಗೆದ್ದಿದ್ದ ಇಟಲಿಯ ರಾನ್ಯೊ ಮ್ಯೂನಿಕ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದರು. ಆ ಕಾಲದ ಹೆಣ್ಣುಮಕ್ಕಳು ಎಷ್ಟು ದೀರ್ಘಕಾಲ ಆಡುತ್ತಿದ್ದರು ನೋಡಿ. 1976ರ ಮಾಂಟ್ರಿಯಲ್‌ನಲ್ಲಿ ರೆಯ್ತೋ ಅವರಿಗೆ 39 ವರ್ಷ. ಹಂಗೇರಿ ತಂಡದಲ್ಲಿ ಆಗ ಮೂವರು ಇಲ್ಡಿಕೊಗಳಿದ್ದರು: ಇಲ್ಡಿಕೊ ರೆಯ್ತೋ, ಇಲ್ಡಿಕೊ ಬೋಬಿಶ್, ಇಲ್ಡಿಕೊ ಶ್ವಾರ್ಟ್ಸೆನ್‌ಬರ್ಗರ್. ಬೋಬಿಶ್ ಮ್ಯೂನಿಕ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದವರು. ಶ್ವಾರ್ಟ್ಸೆನ್‌ಬರ್ಗರ್ ಮಾಂಟ್ರಿಯಲ್‌ನಲ್ಲೇ ವೈಯಕ್ತಿಕ ಚಿನ್ನ ಗೆದ್ದವರು. ಮೂವರೂ ಸೇರಿ ಆಡಿದ ತಂಡಕ್ಕೆ ಕಂಚು ಬಂತು. ಅದು ರೆಯ್ತೋ ಅವರ ಏಳನೇ ಒಲಿಂಪಿಕ್ಸ್ ಪದಕ.

ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ: "ಕಿವಿ ಕೇಳದವರಿಗೆ ಕಣ್ಣು ಚುರುಕು ಅಲ್ವಾ? ದೇವರು ಒಂದು ಕಿತ್ಕೊಂಡ್ರೆ ಇನ್ನೊಂದು ಕೊಡ್ತಾನೆ." ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಮಾತು ನನಗೆ ಹಿಡಿಸುವುದಿಲ್ಲ. ಹಾಗೆ ಹೇಳಿದ ತಕ್ಷಣ ರೆಯ್ತೋ ಅವರ ಇಪ್ಪತ್ತಕ್ಕೂ ಹೆಚ್ಚು ವರ್ಷದ ಬೆವರು ದೇವರ ಲೆಕ್ಕಕ್ಕೆ ಹೋಗಿಬಿಡುತ್ತದೆ. ಕೋಚ್‌ಗಳು ಬರೆದ ಚೀಟಿಗಳೂ ಮರೆತುಹೋಗುತ್ತವೆ. ಇನ್ನೊಂದು ತೊಂದರೆ, ಸಾಧಾರಣ ಮಗುವಿಗೆ ಜಾಗವೇ ಉಳಿಯುವುದಿಲ್ಲ. ನನ್ನ ಮಗಳ ಕಣ್ಣು ಹೆಚ್ಚೇನೂ ಚುರುಕಿಲ್ಲ. ಅವಳು ಒಲಿಂಪಿಕ್ಸ್‌ಗೆ ಹೋಗಬೇಕಾಗಿಯೂ ಇಲ್ಲ. ಸಂಜೆ ಐದಕ್ಕೆ ಉಳಿದವರ ಜೊತೆ ಮೈದಾನಕ್ಕೆ ಹೋಗಬೇಕು, ಆರೂವರೆಗೆ ಧೂಳು ಮೆತ್ತಿಕೊಂಡು ಮನೆಗೆ ಬರಬೇಕು. ಅಷ್ಟು ಸಾಕು ನನಗೆ.

ಅಷ್ಟೂ ಸಿಗದ ಮಕ್ಕಳು ಎಷ್ಟೋ. ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಇದು: ಪ್ಯಾರಾಲಿಂಪಿಕ್ಸ್‌ನಲ್ಲಿ ಕಿವಿ ಕೇಳದವರಿಗೆ ಅಂತ ವಿಭಾಗ ಇಲ್ಲ. ಅವರಿಗೆ ಬೇರೆಯದೇ ಡೆಫ್‌ಲಿಂಪಿಕ್ಸ್ ಇದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು, ಪ್ಯಾರಾಲಿಂಪಿಕ್ಸ್‌ಗಿಂತಲೂ ಹಳೆಯದು. ಆದರೆ ಅದರ ಸುದ್ದಿ ಮನೆಮನೆಗೆ ಬರುವುದಿಲ್ಲ. ಕುಸ್ತಿಪಟು ವೀರೇಂದರ್ ಸಿಂಗ್ ಅಲ್ಲಿ ಮೂರು ಚಿನ್ನ ಗೆದ್ದವರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ ಬೆನ್ನಿಗೇ ದೆಹಲಿಯ ಹರಿಯಾಣ ಭವನದ ಮುಂದೆ ಪದಕಗಳನ್ನು ಇಟ್ಟುಕೊಂಡು ಕೂತರು. ಪ್ಯಾರಾ ಆಟಗಾರರಿಗೆ ಕೊಡುವ ಸಮಾನ ಹಕ್ಕನ್ನು ನಮಗೂ ಕೊಡಿ ಅಂತ ಕೇಳಿದರು. ಆ ಫೋಟೊ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಎಲ್ಲರ ಜೊತೆ ಆಡಿ ತೋರಿಸಿದವರು ರೆಯ್ತೋ ಒಬ್ಬರೇ ಅಲ್ಲ. ದಕ್ಷಿಣ ಆಫ್ರಿಕಾದ ಈಜುಗಾರ ಟೆರೆನ್ಸ್ ಪಾರ್ಕಿನ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಬೆಳ್ಳಿ ಗೆದ್ದರು. ಸ್ಪರ್ಧೆ ಶುರುವಾಗುವ ಸದ್ದು ಅವರಿಗೆ ಕೇಳಿಸದು, ಬೆಳಕಿನ ಮಿಂಚು ನೋಡಿ ಜಿಗಿಯುತ್ತಿದ್ದರು. ನಮ್ಮ ಗಾಲ್ಫ್ ಆಟಗಾರ್ತಿ ದೀಕ್ಷಾ ಡಾಗರ್ ಡೆಫ್‌ಲಿಂಪಿಕ್ಸ್ ಚಿನ್ನವನ್ನೂ ಗೆದ್ದಿದ್ದಾರೆ, ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿದ್ದಾರೆ.

ಫೆನ್ಸಿಂಗ್ ಅಂದಮೇಲೆ ಚೆನ್ನೈನ ಭವಾನಿ ದೇವಿಯನ್ನು ನೆನೆಯದೆ ಹೇಗಿರಲಿ? ಒಲಿಂಪಿಕ್ಸ್‌ನಲ್ಲಿ ಫೆನ್ಸಿಂಗ್ ಆಡಿದ ಮೊದಲ ಭಾರತೀಯರು ಅವರು. ಕಿವಿ ಚೆನ್ನಾಗಿದೆ, ಆದರೆ ಶುರುವಿನಲ್ಲಿ ಕತ್ತಿಯೇ ಇರಲಿಲ್ಲ. ಬಿದಿರ ಕೋಲು ಹಿಡಿದು ಅಭ್ಯಾಸ ಮಾಡಿದರು. ಟೋಕಿಯೊಗೆ ಅವರ ಟಿಕೆಟ್ ಖಚಿತವಾದದ್ದು 2021ರ ಮಾರ್ಚ್‌ನಲ್ಲಿ, ರೆಯ್ತೋ ಹುಟ್ಟಿದ ಅದೇ ಬುಡಾಪೆಸ್ಟ್‌ನಲ್ಲಿ ನಡೆದ ವಿಶ್ವಕಪ್‌ನ ನಂತರ. ಕತ್ತಿ ಇಲ್ಲದಿದ್ದರೆ ಬಿದಿರ ಕೋಲು, ಮಾತು ತಲುಪದಿದ್ದರೆ ಚೀಟಿ. ಕಲಿಸಲೇಬೇಕು ಅಂತ ಮನಸ್ಸು ಮಾಡಿದವರ ಬುದ್ಧಿ ಎಲ್ಲ ಕಡೆಯೂ ಒಂದೇ ತರಹ ಓಡುತ್ತದೆ ಅನ್ನಿಸುತ್ತದೆ ನನಗೆ.

ಈಗ ನಿಮ್ಮನ್ನು ಏನು ಕೇಳುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ದೊಡ್ಡದೇನೂ ಅಲ್ಲ. ಮಾತಾಡುವಾಗ ಮಗುವಿನ ಕಡೆ ಮುಖ ಮಾಡಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದರೆ ನಿಮ್ಮ ತುಟಿ ಅವಳಿಗೆ ಕಾಣುವುದಿಲ್ಲ, ಒಂಚೂರು ತಿರುಗಿ ನಿಲ್ಲಿ. ಸೀಟಿ ಊದುವಾಗ ಕೈ ಮೇಲೆತ್ತಿ. ಹೊಸ ಪಾಠವನ್ನು ಬಾಯಲ್ಲಿ ಹೇಳುವ ಮೊದಲು ಒಮ್ಮೆ ಮಾಡಿ ತೋರಿಸಿ. ಓಟದಲ್ಲಿ ಅವಳ ಪಕ್ಕ ಒಬ್ಬ ಜೊತೆಗಾರ್ತಿಯನ್ನು ನಿಲ್ಲಿಸಿ, ಶುರುವಾದಾಗ ಬೆನ್ನು ತಟ್ಟಲಿ. ಉಳಿದದ್ದನ್ನು ಬರೆದು ಕೊಡಿ. ಅಕ್ಷರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಅವಳು ಓದುತ್ತಾಳೆ. ಈಗ ಮೊಬೈಲ್ ಇದೆ, ಬೆರಳಲ್ಲಿ ಒತ್ತಿ ತೋರಿಸಿದರೂ ಆಯಿತು. 1950ರ ದಶಕದ ಬುಡಾಪೆಸ್ಟ್ ಕೋಚ್‌ಗಳಿಗೆ ಅದೂ ಇರಲಿಲ್ಲ.

ನಮ್ಮದೇ ಖೋ-ಖೋ ನೋಡಿ. ಕೂತಿರುವ ಆಟಗಾರ್ತಿಗೆ ಬರೀ "ಖೋ" ಅಂತ ಕೂಗಿದರೆ ಸಾಲದು, ಬೆನ್ನು ಮುಟ್ಟಲೇಬೇಕು. ನಿಯಮವೇ ಹಾಗಿದೆ. ಆ ಮುಟ್ಟುವುದು ಸಾಕು, ನನ್ನ ಮಗಳು ಎದ್ದು ಓಡುತ್ತಾಳೆ. ಓಣಿಯಲ್ಲಿ ಓಡಿದ್ದನ್ನು ನಾನೇ ನೋಡಿದ್ದೇನೆ.

ಬಿದ್ದರೆ? ಬೀಳುತ್ತಾಳೆ. ಕಿವಿ ಕೇಳುವ ಮಕ್ಕಳೂ ಬೀಳುತ್ತಾರೆ. ಮೊಣಕಾಲಿಗೆ ಅರಿಶಿನ ಹಚ್ಚಲು ನನಗೆ ಬರುತ್ತದೆ. ಬೇಕಿದ್ದರೆ ಜವಾಬ್ದಾರಿ ನನ್ನದು ಅಂತ ಬರೆದುಕೊಡುತ್ತೇನೆ. ನನ್ನ ಹಾಗೆ ಬರೆದುಕೊಡುವ ತಾಯಂದಿರು ಈ ರಾಜ್ಯದಲ್ಲಿ ತುಂಬಾ ಜನ ಇದ್ದಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಕಾರಿಡಾರಿನಲ್ಲಿ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಾಯುತ್ತಾ ನಾವು ಒಬ್ಬರಿಗೊಬ್ಬರು ಪರಿಚಯವಾದವರು. ಮಾತು ಬರುತ್ತದಾ, ಶಾಲೆಗೆ ಸೇರಿಸಿಕೊಳ್ಳುತ್ತಾರಾ ಅಂತ ಅಲ್ಲಿ ಎಲ್ಲರೂ ಕೇಳಿಕೊಳ್ಳುತ್ತೇವೆ. ಆಟದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದನ್ನು ಕೇಳುವುದು ಅತಿಯಾಸೆ ಅಂತ ನಮಗೆ ನಾವೇ ಅಂದುಕೊಂಡುಬಿಟ್ಟಿದ್ದೇವೆ. ಅದಕ್ಕೇ ಇವತ್ತು ಎಲ್ಲರ ಎದುರು ಕೇಳುತ್ತಿದ್ದೇನೆ.

ಬರುವ ಏಪ್ರಿಲ್‌ನಲ್ಲಿ ಮತ್ತೆ ಶಿಬಿರಗಳು ಶುರುವಾಗುತ್ತವೆ. ನಾವು ಬರುತ್ತೇವೆ. ಮಗಳ ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಮತ್ತು ಚೂಪು ಮಾಡಿದ ಪೆನ್ಸಿಲ್ ಇಟ್ಟು ಕಳಿಸುತ್ತೇನೆ. ಅದರ ಮೊದಲ ಪುಟ ಖಾಲಿ ಇದೆ.

ಇಂತಿ,
ಒಬ್ಬ ತಾಯಿ